ತಂತಿಯ ಹದ



ವೀಣೆ ಬಲ್ಲ ಸೋಣ ಭಿಕ್ಷುವಾದ ಮೇಲೆ ಅಂಗಾಲು ಒಡೆದು ರಕ್ತ ಬರುವಷ್ಟು ನಡೆದು ಸಾಧನೆ ಮಾಡಿದ. ಫಲ ಕಾಣದೆ ಮನೆಗೆ ಮರಳಲು ಯೋಚಿಸಿದ. ತಂತಿ ಅತಿ ಬಿಗಿಯಾದರೂ ಸಡಿಲವಾದರೂ ವೀಣೆ ನುಡಿಯದೆಂದು ಬುದ್ಧರು ಅವನ ಬಾಯಿಂದಲೇ ಹೇಳಿಸಿದರು. ಅಂಗುತ್ತರ ನಿಕಾಯ ಈ ಹದವನ್ನು ‘ವಿರಿಯಸಮತ’ ಎನ್ನುತ್ತದೆ.

ನಮ್ಮ ಮಕ್ಕಳಲ್ಲಿ ಬಿ.ಎ. ಓದುತ್ತಲೇ ತಮಟೆ, ಹೋರಾಟದ ಹಾಡು, ನಾಟಕ ಹಿಡಿದವರಿದ್ದಾರೆ. ಕಾರ್ಯಕ್ರಮಗಳಿಗೆ ಓಡಾಡಿ ಶೇ. 75 ಹಾಜರಿ ತಪ್ಪಿದರೆ ಪರೀಕ್ಷೆಗೇ ಕುತ್ತು. ಅಂಕದ ಭಯಕ್ಕೆ ಕಲೆಯನ್ನೇ ಬಿಟ್ಟರೆ ಕೈಯ ವಿದ್ಯೆ ಹೋಗುತ್ತದೆ.

ತಮಟೆಯನ್ನು ಪ್ರತಿ ಸಲ ಬೆಂಕಿಗೆ ಕಾಯಿಸಿ ಹದ ಮಾಡುತ್ತೇವಲ್ಲ, ದಿನಚರಿಯೂ ಹಾಗೆಯೇ. ಪರೀಕ್ಷೆಯ ತಿಂಗಳು ಕಲೆಗೆ ದಿನಕ್ಕೆ ಅರ್ಧ ಗಂಟೆ ಸಾಕು, ರಜೆಯಲ್ಲಿ ಹೆಚ್ಚಿಸಿ. ಬಾಬಾಸಾಹೇಬರೂ ಓದು ಬರಹದ ನಡುವೆ ಪಿಟೀಲು ಕಲಿತವರು.

ಇಂದಿನ ಪ್ರಶ್ನೆ: ನಿಮ್ಮ ಯಾವ ತಂತಿ ಬಿಗಿಯಾಗಿದೆ, ಯಾವುದು ಸಡಿಲ?

ಎಲ್ಲರಿಗೂ ಮಂಗಳವಾಗಲಿ.