ಅಡಿಕೆ ಸಿಪ್ಪೆಗೆ ಅಣಬೆಯ ಬೆಸುಗೆ

ಶಾಲೆಯ ಮಾದರಿಗಳಿಗೆ, ವೇದಿಕೆಯ ಅಲಂಕಾರಕ್ಕೆ, ಉಬ್ಬುಚಿತ್ರದ ತಳಕ್ಕೆ ಥರ್ಮೋಕೋಲ್ ಬಿಟ್ಟರೆ ಗತಿಯಿಲ್ಲ ಎಂಬ ರೂಢಿ ಬಿದ್ದಿದೆ. ಕೃಷಿ ತ್ಯಾಜ್ಯವನ್ನು ಅಣಬೆಯ ಎಳೆಗಳಿಂದ ಹೆಣೆಸಿದರೆ ಅಷ್ಟೇ ಸುಲಭವಾಗಿ ಕೊಯ್ಯಬಲ್ಲ, ಕೊನೆಗೆ ಗೊಬ್ಬರವಾಗುವ ಹಲಗೆ ಸಿಗುತ್ತದೆ. 2014ರಲ್ಲಿ ನ್ಯೂಯಾರ್ಕಿನ ಮೋಮಾ ಪಿಎಸ್1 ಕಲಾ ಸಂಗ್ರಹಾಲಯದ ಅಂಗಳದಲ್ಲಿ ನಿಂತ ‘ಹೈ-ಫೈ’ ಗೋಪುರದ ಸುಮಾರು 10,000 ಇಟ್ಟಿಗೆಗಳನ್ನು ಮೆಕ್ಕೆಜೋಳದ ದಂಟಿನ ಚೂರಿನಲ್ಲಿ ಹೀಗೆಯೇ ಬೆಳೆಸಲಾಗಿತ್ತು. ಇಲ್ಲಿ ಭತ್ತದ ಹುಲ್ಲು ಬಳಸಬಾರದೇ ಎಂದು ಕೇಳಬಹುದು. ಹುಲ್ಲಿನಲ್ಲಿ ಅಣಬೆ ಬೇಗ ಹಬ್ಬುವುದು ನಿಜ, ಆದರೆ ಅದು ದನದ ಮೇವು, ಕಸವಲ್ಲ. ಮಲೆನಾಡಿನ ರಸ್ತೆಬದಿಯಲ್ಲಿ ಸುರಿದು ಸುಡುವ ಅಡಿಕೆ ಸಿಪ್ಪೆಗೆ ಅಂಥ ಬೇಡಿಕೆಯಿಲ್ಲ; ಅದರ ನಾರು ಹಲಗೆಗೆ ಬಲವನ್ನೂ ಕೊಡುತ್ತದೆ.

ಚಿಪ್ಪಣಬೆಯ ಎಳೆ ಸಿಪ್ಪೆಯ ಲಿಗ್ನಿನ್ ಅಂಶವನ್ನು ತಿನ್ನುತ್ತಾ ಚೂರುಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಆದ್ದರಿಂದ ನಮ್ಮ ಕೆಲಸವೆಲ್ಲ ಬೇರೆ ಬೂಷ್ಟಿಗೆ ಜಾಗ ಕೊಡದಿರುವುದು. ಒಣಸಿಪ್ಪೆಯನ್ನು ಬೆರಳ ಗಿಣ್ಣಿನಷ್ಟು ಚೂರು ಮಾಡಿ ರಾತ್ರಿಯಿಡೀ ನೆನೆಸಿ, ಒಗರಿನ ಕಂದು ನೀರು ಚೆಲ್ಲಿ, ಹೊಸ ನೀರಿನಲ್ಲಿ 80 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ ಇಡಿ. ಈ ಹಂತದಲ್ಲಿ ಅವಸರ ಮಾಡಿದವರಿಗೆ ವಾರದೊಳಗೆ ಹಸಿರು ಬೂಷ್ಟು ಉತ್ತರ ಹೇಳುತ್ತದೆ. ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಆರಿದ ಮೇಲೆ ಕಿಲೋಗೆ 100 ಗ್ರಾಂ ಅಣಬೆ ಬೀಜ ಬೆರೆಸಿ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬೀಜ ಮಾರುತ್ತದೆ. ಸ್ಪಿರಿಟ್‌ನಿಂದ ಒರೆಸಿದ ಅಚ್ಚಿಗೆ ಎರಡಂಗುಲ ದಪ್ಪ ಮೀರದಂತೆ ಒತ್ತಿ ತುಂಬಿ, ಸೂಜಿತೂತು ಮಾಡಿದ ಪ್ಲಾಸ್ಟಿಕ್ ಹಾಳೆ ಹೊದಿಸಿ, 25 ಡಿಗ್ರಿ ಆಸುಪಾಸಿನ ಕತ್ತಲೆಯಲ್ಲಿಡಿ. ಎರಡು-ಮೂರು ವಾರದಲ್ಲಿ ಎಲ್ಲವೂ ಬೆಳ್ಳಗಾಗುತ್ತದೆ. ಹಸಿರು ಕಂಡರೆ ಆ ಅಚ್ಚನ್ನು ತೆರೆಯದೆ ಹೊರಗೆ ಸಾಗಿಸಿ. ಕೆರೆದು ಉಳಿಸಿಕೊಳ್ಳುವ ಆಸೆ ಬೇಡ.

ಬಣ್ಣಕ್ಕೆ ಮೊದಲು ಅಣಬೆ ಸಾಯಬೇಕು. ಮೊಗ್ಗು ಮೂಡುವ ಮುನ್ನವೇ ಅಚ್ಚಿನಿಂದ ತೆಗೆದು ಬಿಸಿಲಲ್ಲಿ ಒಣಗಿಸಿ, ಆಮೇಲೆ 80-90 ಡಿಗ್ರಿ ಒಲೆಯಲ್ಲಿ ಒಳಗಿನ ತೇವ ಆರುವ ತನಕ ಇಡಿ. ಅಣಬೆ ಉಸಿರಾಟಕ್ಕೆ ಅಪಾಯ ಎಂಬ ಆಕ್ಷೇಪದಲ್ಲಿ ಹುರುಳಿದೆ: ಬಿರಿದ ಚಿಪ್ಪಣಬೆಯ ಬೀಜಕಣ ಅದನ್ನು ಬೆಳೆಯುವವರಿಗೆ ಅಲರ್ಜಿ ತರುವುದುಂಟು. ಮೊಗ್ಗಿಗೆ ಮೊದಲೇ ಒಣಗಿಸಿದರೆ ಆ ಕಣ ಹುಟ್ಟುವುದೇ ಇಲ್ಲ, ಆದರೆ ಉಜ್ಜುವಾಗ ಏಳುವ ಧೂಳಿಗೆ ಮುಖಗವಸು ಬೇಕು. ಥರ್ಮೋಕೋಲ್ ಇದಕ್ಕಿಂತ ಅಗ್ಗ ಎಂಬುದು ಅಂಗಡಿಯ ಲೆಕ್ಕ. ಸಿಪ್ಪೆ ಪುಕ್ಕಟೆ ಸಿಗುವ ಊರಿನಲ್ಲಿ ಮುಖ್ಯ ಖರ್ಚು ಬೀಜ ಮತ್ತು ಉರುವಲಿನದು. ನೀರಿನ ವಿಷಯದಲ್ಲಿ ಮಾತ್ರ ಇದು ಸೋಲುತ್ತದೆ, ಮಳೆಗೆ ನೆನೆದರೆ ಮೆತ್ತಗಾಗುತ್ತದೆ. ಮೇಲ್ಮೈ ನುಣುಪಾಗಲು ಕಿನ್ನಾಳದ ಮರದ ಗೊಂಬೆಗಳ ಕುಶಲಕರ್ಮಿಗಳು ಬಳಸುವ ಹುಣಸೆಬೀಜದ ಅಂಟು, ಮರದ ಹೊಟ್ಟಿನ ಕಿಟ್ಟವನ್ನು ತೆಳ್ಳಗೆ ಬಳಿಯಬಹುದು. ಅದು ಪೂರ್ತಿ ಒಣಗಿದ ಮೇಲೆ ಮಣ್ಣಿನ ಬಣ್ಣ ಹಚ್ಚಿ.