ಎರೆಭೂಮಿಗೆ ತಕ್ಕ ನೆರಳಿನ ಮರಗಳು

ಧಾರವಾಡ, ಗದಗ, ವಿಜಯಪುರ, ರಾಯಚೂರು, ಬಳ್ಳಾರಿ ಮುಂತಾದ ಜಿಲ್ಲೆಗಳ ಎರೆಸೀಮೆಯಲ್ಲಿ ಚಾವಡಿಯ ಮುಂದೆ, ಕಣದ ಮಗ್ಗುಲಲ್ಲಿ, ದನಗಳು ನಿಲ್ಲುವ ಸ್ಥಳದಲ್ಲಿ ನೆರಳಿನ ಮರಗಳು ವಿರಳವಾಗಿರುವುದು ಗ್ರಾಮದ ಹಿರಿಯರಿಗೂ ಜಮೀನುದಾರರಿಗೂ ವಿದಿತವಾದ ಸಂಗತಿಯೇ ಆಗಿದೆ. ನೆಡುವವರಿಲ್ಲವೆಂದಲ್ಲ, ನೆಟ್ಟ ಸಸಿಗಳು ಅನೇಕ ಕಡೆ ಮೊದಲನೆಯ ಇಲ್ಲವೆ ಎರಡನೆಯ ಬೇಸಗೆಯಲ್ಲಿಯೇ ಒಣಗಿಹೋಗುತ್ತವೆ. ನೀರು ಸಾಲದೆ ಸತ್ತವೆಂದು ಹೇಳುವುದು ವಾಡಿಕೆ. ಆದರೆ ಅವುಗಳಲ್ಲಿ ಹಲವಕ್ಕೆ ಮಳೆಗಾಲದಲ್ಲಿಯೇ ಗುಣಿಯಲ್ಲಿ ನಿಂತ ನೀರಿನಿಂದ ಬೇರು ಕೊಳೆತಿರುತ್ತದೆ. ಬೇಸಗೆಯು ಉಳಿದ ಕಾರ್ಯವನ್ನು ಮುಗಿಸುತ್ತದೆ, ಅಷ್ಟೆ.

ಎರೆಮಣ್ಣಿನ ಜೇಡಿಯು ನೀರನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಉಬ್ಬಿದಾಗ ಗಾಳಿಯಾಡುವ ರಂಧ್ರಗಳು ಮುಚ್ಚಿ ಬೇರಿಗೆ ಉಸಿರಿಲ್ಲದಾಗುವುದು. ಬಿರಿದಾಗ ಎಳೆಯ ಬೇರುಗಳು ಹರಿದುಹೋಗುವುವು. ಈ ಎರಡು ಬಾಧೆಗಳನ್ನೂ ತಾಳಬಲ್ಲ ಜಾತಿಯನ್ನೇ ಆರಿಸತಕ್ಕದ್ದು. ಅದಕ್ಕೂ ಮೊದಲು ಸ್ಥಳವನ್ನು ಪರೀಕ್ಷಿಸಬೇಕು. ಎರಡು ಅಡಿ ಆಳದ ಗುಣಿಯನ್ನು ತೋಡಿ ನೀರು ತುಂಬಿ ಮರುದಿನ ನೋಡಿರಿ. ಈ ಪರೀಕ್ಷೆಯನ್ನು ಮಳೆ ಬಿದ್ದು ಮಣ್ಣು ಉಬ್ಬಿದ ಮೇಲೆಯೇ ಮಾಡಬೇಕು. ಬೇಸಗೆಯಲ್ಲಿ ನೀರೆಲ್ಲ ಬಿರುಕುಗಳೊಳಗೆ ಇಳಿದುಹೋಗಿ ನೆಲವು ಒಳ್ಳೆಯದೆಂಬ ಭ್ರಾಂತಿಯುಂಟಾಗುತ್ತದೆ.

ಮರುದಿನವೂ ನೀರು ನಿಂತಿದ್ದರೆ ಅಲ್ಲಿ ಬೇವನ್ನು ನೆಡಬಾರದು. ಬೇವು ಎರೆಯಲ್ಲಿ ಬೆಳೆಯುತ್ತದೆ, ಬರವನ್ನು ತಾಳುತ್ತದೆ, ಆದರೆ ನಿಂತ ನೀರನ್ನು ಸಹಿಸದು. ಅಂಥ ತಗ್ಗಿಗೆ ಕರಿಜಾಲಿ, ಹೊಂಗೆ, ಹಳ್ಳದ ದಂಡೆಯಾದರೆ ಹೊಳೆಮತ್ತಿ ಯೋಗ್ಯವಾದವು. ಇವುಗಳಲ್ಲಿ ಹೊಂಗೆಗೆ ನಾವು ಅಗ್ರಸ್ಥಾನವನ್ನು ಕೊಡುತ್ತೇವೆ. ಅದು ಎಲೆಯುದುರಿಸಿದರೂ ಬೇಗನೆ ಚಿಗುರಿ, ನೆರಳು ಅತ್ಯಗತ್ಯವಾದ ಚೈತ್ರ ವೈಶಾಖಗಳಲ್ಲಿ ದಟ್ಟವಾಗಿರುತ್ತದೆ. ದನಗಳು ಅದರ ಸೊಪ್ಪನ್ನು ಅಷ್ಟಾಗಿ ತಿನ್ನುವುದಿಲ್ಲವಾದ್ದರಿಂದ ಕಾವಲೂ ಸುಲಭ. ಬೀಜದಿಂದ ಎಣ್ಣೆ, ಹಿಂಡಿಯಿಂದ ಗೊಬ್ಬರ. ಜಾಲಿಯು ಎರೆಯ ಸ್ವಂತ ಮಗನಂತಿದೆ. ಗಾಡಿಗೂ ನೇಗಿಲಿಗೂ ಮರ, ಆಡು ಕುರಿಗಳಿಗೆ ಕಾಯಿ ದೊರೆಯುತ್ತದೆ. ಆದರೆ ಮುಳ್ಳು ಬೀಳುವ ಕಾರಣ ಕಣಕ್ಕೂ ಮಕ್ಕಳು ಆಡುವ ಬಯಲಿಗೂ ಅದು ಸಲ್ಲದು. ಹೊಲದ ಬದುವಿನಲ್ಲಿದ್ದರೆ ಸಮೀಪದ ಜೋಳದ ಸಾಲುಗಳು ಸೊರಗುವುವು.

ನೀರು ಬಸಿದುಹೋಗುವ ಎತ್ತರದ ಸ್ಥಳದಲ್ಲಿ ಬೇವು, ಬಾಗೆ, ಹುಣಸೆ ನೆಡಬಹುದು. ಬಾಗೆಯು ಬೇಸಗೆಯ ಆರಂಭದಲ್ಲಿ ಬೋಳಾಗಿರುವುದೊಂದು ಕೊರತೆ. ಹೂವಿನ ಚೆಲುವಿಗೆ ಮರುಳಾಗಿ ಗುಲ್ಮೊಹರನ್ನು ನೆಡುವವರು ಅದು ಮಡಗಾಸ್ಕರ್ ದ್ವೀಪದ್ದೆಂದೂ, ಬೇರು ಮೇಲ್ಮೇಲೆ ಹರಡುವುದೆಂದೂ, ಕೊಂಬೆಗಳು ಗಾಳಿಗೆ ಮುರಿಯುವುವೆಂದೂ ತಿಳಿದಿರಬೇಕು. ಆಲ, ಅರಳಿ, ಬಸರಿಗಳ ನೆರಳು ಶ್ರೇಷ್ಠವೇ; ಬಾವಿ, ಮನೆಗಳಿಂದ ಬಹು ದೂರದಲ್ಲಿರಲಿ. ಎರೆಯಲ್ಲಿ ದೊಡ್ಡ ಮರವು ಗೋಡೆಯ ಬುಡದ ತೇವವನ್ನು ಹೀರಿ ಮಣ್ಣನ್ನು ಕುಗ್ಗಿಸುವುದರಿಂದ ಬೇರು ಮುಟ್ಟದಿದ್ದರೂ ಗೋಡೆ ಬಿರಿಯಬಹುದು.

ನೆಡುವ ಕ್ರಮದಲ್ಲಿ ಒಂದು ತಪ್ಪು ಬಹಳ ಪ್ರಚಲಿತವಾಗಿದೆ. ಗುಣಿಗೆ ಮರಳನ್ನೋ ಕೆಂಪು ಮಸಾರಿಯನ್ನೋ ತುಂಬುತ್ತಾರೆ. ಸುತ್ತಲಿನ ಜೇಡಿಯಿಂದ ನೀರು ಹೊರಹೋಗಲಾರದೆ ಗುಣಿಯು ಹರವಿಯಂತೆ ತುಂಬಿ ನಿಲ್ಲುತ್ತದೆ. ಅಗೆದ ಎರೆಮಣ್ಣಿಗೇ ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರವನ್ನು ಬೆರೆಸಿ ತುಂಬಿರಿ. ಹಸಿಯಿದ್ದಾಗ ಅಗೆದರೆ ಗುಣಿಯ ಗೋಡೆಗಳು ಗಿಲಾವು ಮಾಡಿದಂತೆ ನುಣುಪಾಗುವುವು. ಅವನ್ನು ಗುದ್ದಲಿಯಿಂದ ಕೆರೆದು ಒರಟು ಮಾಡಬೇಕು. ಸಸಿಯನ್ನು ನೆಲಕ್ಕಿಂತ ಅರ್ಧ ಅಡಿ ಎತ್ತರದ ದಿಣ್ಣೆಯ ಮೇಲೆ ನೆಟ್ಟು, ನೀರು ಹರಿದುಹೋಗಲು ಇಳಿಜಾರಿನ ಕಡೆಗೆ ಕಾಲುವೆ ಬಿಡಿರಿ.

ಮಳೆ ನಿಂತೊಡನೆ ಬುಡದ ಸುತ್ತ ಮೂರು ಅಡಿಯಷ್ಟು ನೆಲವನ್ನು ಎರಡು ಅಂಗುಲ ಆಳಕ್ಕೆ ಕೆದಕಿ ಸಡಿಲಮಾಡಬೇಕು. ಹಿಂಗಾರಿ ಜೋಳದಲ್ಲಿ ಎಡೆಕುಂಟೆ ಹೊಡೆದು ಬಿರುಕು ಮುಚ್ಚುವ ಒಕ್ಕಲಿಗನಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಹೊಲಕ್ಕೆ ಮಾಡುವುದನ್ನು ಸಸಿಗೂ ಮಾಡಿದರಾಯಿತು. ಅದರ ಮೇಲೆ ಹೊಟ್ಟು ಇಲ್ಲವೆ ಒಣಸೊಪ್ಪನ್ನು ಹರವಿ, ಕಾಂಡಕ್ಕೆ ತಗಲದಂತೆ ನಾಲ್ಕು ಬೆರಳಿನಷ್ಟು ಜಾಗ ಬಿಡಿರಿ. ಅನಂತರವೂ ಬಿರುಕು ಕಂಡರೆ ಸಡಿಲ ಮಣ್ಣಿನಿಂದ ಮುಚ್ಚಿಯೇ ನೀರು ಹಾಕತಕ್ಕದ್ದು. ಇಲ್ಲವಾದರೆ ಹೊತ್ತು ತಂದ ಕೊಡವು ಬೇರಿಗೆ ನಿಲುಕದೆ ಪಾತಾಳಕ್ಕೆ ಇಳಿಯುವುದು.