ದತ್ತು ಮನೆಗಳಲ್ಲಿ ಕಂಡದ್ದು, ಕಲಿತದ್ದು

ದತ್ತು ಸಂಸ್ಥೆಯಲ್ಲಿ ಆಪ್ತಸಮಾಲೋಚಕಿಯಾಗಿ ಬಹಳ ವರ್ಷ ದುಡಿದವಳು ನಾನು. ಮಗು ಮನೆಗೆ ಬಂದಾಗ ಸಿಹಿ ಹಂಚುತ್ತೇವೆ, ಹಂಚಲೇಬೇಕು. ಆದರೆ ಅಷ್ಟರೊಳಗೆ ಮಗು, ಹೆತ್ತವಳು, ಸಾಕುವವರು ಮೂವರೂ ಏನೋ ಒಂದನ್ನು ಕಳಕೊಂಡಿರುತ್ತಾರೆ. ಅದನ್ನು ಬಾಯಿಬಿಟ್ಟು ಆಡಲು ಬಿಡದ ಮನೆಗಳೇ ಮುಂದೆ ಸಮಾಲೋಚನೆಗೆ ಬರುತ್ತವೆ.

1. ಹೆತ್ತವಳನ್ನು ಹೀಗಳೆಯಬೇಡಿ. ಮಗುವನ್ನು ಒಪ್ಪಿಸುವ ತಾಯಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಸಹಿ ಹಾಕುತ್ತಾಳೆ. ಮನಸ್ಸು ಬದಲಿಸಲು ಕಾನೂನು 60 ದಿನ ಕೊಡುತ್ತದೆ. ಸಹಿ ಹಾಕಿದ ಮಾತ್ರಕ್ಕೆ ಎದೆಹಾಲು ನಿಲ್ಲುವುದಿಲ್ಲ. ಒಬ್ಬ ಹುಡುಗಿ ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಿ, ಮೇಲೆ ದುಪಟ್ಟಾ ಹೊದ್ದು ಕೂತಿದ್ದಳು. ಕೇಳಿದ್ದು ಇಷ್ಟೇ: "ಬಾಟ್ಲಿ ಹಾಲು ಕುಡೀತಾ ಅಕ್ಕ?" ಇಂಥವಳನ್ನೇ ಜನ "ಬಿಸಾಕಿ ಹೋದವಳು" ಅನ್ನುವುದು. ದತ್ತು ಹೋದ ಮಗುವನ್ನು ಎರಡು ವರ್ಷ, ಆರು ತಿಂಗಳಿಗೊಮ್ಮೆ ವಿಚಾರಿಸಿ ವರದಿ ಬರೆಯುತ್ತೇವೆ. ಹೆತ್ತವಳನ್ನು ಹುಡುಕಿಕೊಂಡು ಹೋಗಿ ವಿಚಾರಿಸಿದವರನ್ನು ನಾನು ಕಂಡದ್ದು ಅಪರೂಪ. ನನ್ನ ಕಣ್ಣಿಗೆ ಇಡೀ ವ್ಯವಸ್ಥೆಯ ದೊಡ್ಡ ಕೊರತೆ ಇದೇ.

2. ಮಕ್ಕಳಾಗದ ನೋವನ್ನು ಮಗುವಿನ ಹೆಗಲಿಗೆ ಹಾಕಬೇಡಿ. ವರ್ಷಗಟ್ಟಲೆ ಆಸ್ಪತ್ರೆ ಅಲೆದು, ಆಮೇಲೆ ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಪ್ರಾಧಿಕಾರವಾದ ಕಾರಾದಲ್ಲಿ ಹೆಸರು ಬರೆಸಿ ಮತ್ತೆ ವರ್ಷಗಟ್ಟಲೆ ಕಾದವರು ದಣಿದಿರುತ್ತಾರೆ. ಮಗು ಬಂದ ಮೇಲೂ ಅಳು ಬರುತ್ತದೆ. "ಇಷ್ಟು ಕಾದು ಪಡೆದೂ ಅಳ್ತೀನಲ್ಲ" ಎಂದು ತಾಯಂದಿರು ನಾಚಿ ಮುಚ್ಚಿಡುತ್ತಾರೆ. ಮುಚ್ಚಿಡಬೇಡಿ, ವೈದ್ಯರಿಗೆ ಹೇಳಿ.

3. ದೊಡ್ಡ ಮಕ್ಕಳು ಪರೀಕ್ಷೆ ಮಾಡುತ್ತಾರೆ. ಆರೇಳು ವರ್ಷದ ಮಗು ಮೊದಲ ಕೆಲವು ವಾರ ಹೇಳಿದಂತೆ ಕೇಳುತ್ತದೆ. ಆಮೇಲೆ ತಟ್ಟೆ ಎಸೆಯುತ್ತದೆ, ಕಚ್ಚುತ್ತದೆ. ಒಂದು ಮನೆಯಲ್ಲಿ ದಿಂಬಿನ ಕೆಳಗೆ ಒಣಗಿದ ಚಪಾತಿ ಸಿಕ್ಕಿ, "ಕದಿಯೋ ಚಾಳಿ" ಎಂದು ಗಾಬರಿಯಾಗಿದ್ದರು. ಕಳ್ಳತನ ಅಲ್ಲ, ನಾಳೆ ಊಟ ಸಿಗುತ್ತದೋ ಇಲ್ಲವೋ ಎಂಬ ಭಯ. ಹಾಸಿಗೆ ಪಕ್ಕ ಒಂದು ಡಬ್ಬಿಯಲ್ಲಿ ಬಿಸ್ಕೆಟ್ ಇಟ್ಟು, ಇದು ನಿನ್ನದೇ ಎಂದು ಹೇಳಿಸಿದೆವು. ಬಚ್ಚಿಡುವುದು ನಿಧಾನಕ್ಕೆ ನಿಂತಿತು. ಎಷ್ಟೇ ಸಿಟ್ಟು ಬಂದರೂ, ತಮಾಷೆಗೂ, "ವಾಪಸ್ ಬಿಟ್ಟು ಬರ್ತೀನಿ" ಅನ್ನಬೇಡಿ. ಮಗು ಕಾಯುತ್ತಿರುವುದು ಆ ಮಾತಿಗೇ.

4. "ಪುಣ್ಯದ ಕೆಲಸ ಮಾಡಿದ್ರಿ" ಎನ್ನುವ ನೆಂಟರನ್ನು ಅಲ್ಲೇ ತಡೆಯಿರಿ. ಕೇಳಿಸಿಕೊಳ್ಳುವ ಮಗುವಿಗೆ ತಾನು ಋಣದ ಲೆಕ್ಕ ಅನಿಸುತ್ತದೆ.

5. "ದೊಡ್ಡವನಾದ ಮೇಲೆ ಹೇಳೋಣ" ಎಂದು ಕಾಯಬೇಡಿ. ಅರ್ಥವಾಗುವ ಮೊದಲೇ ಹೇಳಲು ಶುರುಮಾಡಿ, ಸ್ನಾನ ಮಾಡಿಸುವಾಗ, ತುತ್ತು ಕೊಡುವಾಗ. ಇಲ್ಲವಾದರೆ ಯಾವುದೋ ಮದುವೆಮನೆಯಲ್ಲಿ ದೊಡ್ಡಮ್ಮನೋ ಚಿಕ್ಕಪ್ಪನೋ ಹೇಳಿಬಿಡುತ್ತಾರೆ. ಹಾಗೆ ತಿಳಿದ ಹದಿನಾರರ ಹುಡುಗನಿಗೆ ದತ್ತು ಎಂಬುದಕ್ಕಿಂತ ಹೆಚ್ಚು ಚುಚ್ಚಿದ್ದು, ಊರಿಗೆಲ್ಲ ಗೊತ್ತಿದ್ದು ತನಗೊಬ್ಬನಿಗೆ ಗೊತ್ತಿರಲಿಲ್ಲ ಎಂಬುದು.

6. ಬೇರು ಹುಡುಕುವ ಮಗು ನಿಮ್ಮನ್ನು ಬಿಟ್ಟು ಹೊರಟಿಲ್ಲ. ನಿಯಮಗಳಲ್ಲೇ ಅದಕ್ಕೆ ಅವಕಾಶವಿದೆ. 18 ತುಂಬದಿದ್ದರೆ ನೀವೂ ಜೊತೆಗೂಡಿ ಅರ್ಜಿ ಹಾಕಬೇಕು. ಗುಟ್ಟಾಗಿರಲಿ ಎಂದು ಹೆತ್ತವರು ಕೇಳಿಕೊಂಡಿದ್ದರೆ ಅವರ ಒಪ್ಪಿಗೆಯಿಲ್ಲದೆ ವಿವರ ಸಿಗುವುದಿಲ್ಲ. ಆದ್ದರಿಂದ ದತ್ತು ಪಡೆಯುವಾಗಲೇ ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ, ದತ್ತು ಆದೇಶದ ಪ್ರತಿ ಎಲ್ಲವನ್ನೂ ಕೇಳಿ ಪಡೆದು ಜೋಪಾನ ಮಾಡಿ. ಮುಂದೊಂದು ದಿನ ನಿಮ್ಮ ಮಗು ಕೇಳಿದರೆ ಕೊಡಲು ಅವೇ ಇರುತ್ತವೆ.